ಏಳನೇ ಗೇಟಿನ ಹುಕುಂ

ನೀರು ಬರುತ್ತಿದೆ, ಬಸ್ಸಿನ ತಗಡಿನ ನೆಲದ ಮೇಲೆ ಬೆರಳಗಲದ ನೀರು, ಮುಂದಿನ ಸೀಟಿನ ಮುದುಕಿಯ ಕೊಡ ಓರೆಯಾಗಿ ಬಾಯಿಗೆ ಕಟ್ಟಿದ ಬಟ್ಟೆ ತೊಯ್ದು ಸೋರುತ್ತಿದೆ, ಬಸ್ಸು ಕುಲುಕಿದಾಗ ಅತ್ತ, ಬ್ರೇಕು ಹಾಕಿದಾಗ ಇತ್ತ, ಶೇಂಗಾ ಸಿಪ್ಪೆ, ಹುಲ್ಲುಕಡ್ಡಿ, ಹರಿದ ಟಿಕೀಟು ಎಲ್ಲವನ್ನೂ ದೂಡಿಕೊಂಡು ಅವಳ ಕಡೆಗೇ ಬರುತ್ತಿದೆ, ಹುಸೇನಮ್ಮ ಕಾಲು ಎತ್ತಿಕೊಳ್ಳಬೇಕು, ಎತ್ತಿಕೊಳ್ಳದೆ ನೋಡುತ್ತಾ ಕೂತಿದ್ದಾಳೆ, ಒಣಗಿದ ಕಾಲುವೆಗೆ ಮೊದಲ ನೀರು ಬಿಟ್ಟಾಗಲೂ ಹೀಗೇ, ಕಸ ಮುಂದೆ ನೀರು ಹಿಂದೆ, ಅವಸರವೇ ಇಲ್ಲದಂತೆ, ಆಮೇಲೆ ನೋಡನೋಡುತ್ತ ಮೊಳಕಾಲಿಗೆ — ಆ ನೀರು ಚಪ್ಪಲಿಯ ತುದಿಗೆ ತಾಗಿದ್ದೇ ತಡ ನೆನಪಾಯಿತು. ಅಳಿಸಿದೆನಾ? ಶನಿವಾರ ಸಂಜೆ ಆ ಹುಕುಂ ಅಳಿಸಿದೆನಾ ನಾನು? ಯವ್ವಾ ತಂಗಿ ಕಾಲ ತೆಗೀಬೇ, ತೊಯ್ತಾವ, ಮುದುಕಿ ಅನ್ನುತ್ತಿದ್ದಾಳೆ, ಅವಳಿಗೆ ಕೇಳಿಸುತ್ತಿಲ್ಲ. ಸಂತೆಕಲ್ಲೂರು ದಾಟಿತು, ಗಡಿಯಾರದಲ್ಲಿ ಎಂಟಾಗಲು ಐದು ನಿಮಿಷ, ಇವತ್ತು ಸೋಮವಾರ.

ಅಳಿಸಿರಬೇಕು. ಅಳಿಸದೆ ಎದ್ದು ಬರುವವಳಲ್ಲ ಅವಳು, ಸಿಂಧನೂರಿನ ಕಾಲುವೆ ಆಫೀಸಿನಲ್ಲಿ ಆರು ವರ್ಷ, ಟೈಪ್‌ರೈಟರಿನ ಮೇಲೆ ಹೊದಿಕೆ ಹಾಕದೆ ಒಂದು ದಿನ ಮನೆಗೆ ಹೋದವಳಲ್ಲ, ಅದಕ್ಕೇ ತಾನೇ ಇಡೀ ಆಫೀಸಿನಲ್ಲಿ ಅವಳನ್ನೇ ಆರಿಸಿ ರಾಯಚೂರಿಗೆ ಮೂರು ವಾರ ಕಂಪ್ಯೂಟರ್ ಕಲಿಯಲು ಕಳಿಸಿದ್ದು, ಇಂಜಿನಿಯರ್ ಜಂಬಣ್ಣ ಸಾಹೇಬರೇ ಹೇಳಿದ್ದರು, ಹುಸೇನಮ್ಮನ ಕೈಯಾಗ ಕೊಟ್ರ ಮುಗೀತು, ನನಗ ನಿದ್ದಿ ಬರ್ತೈತಿ. ನಿದ್ದಿ! ಅಯ್ಯೋ ಶಿವನೇ. ಸರಿಯಾಗಿ ನೆನಪು ಮಾಡಿಕೊಳ್ಳಬೇಕು, ಒಂದೊಂದಾಗಿ, ಶನಿವಾರ ಊಟ ಆದ ಮೇಲೆ ರಾಜೇಸಾಬ್ ಬಂದ, ಗೇಟುಗಳ ಹುಕುಂ ಬರೆಯುವ ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ, ರಾಯಚೂರಿನವನು, ಕೊರಳಲ್ಲಿ ಪೆನ್ನಿನ ದಾರ, ಇವತ್ತ ಲಾಗಿನ್ ಟೆಸ್ಟ್ ಮುಗಿಸಿಬಿಡೂನ್ರಿ ಮೇಡಂ, ಐದರ ಬಸ್ಸಿಗೆ ನಾ ಹೋಗಬೇಕು ಅಂದ. ಹದಿಮೂರು ಸಾಲಿನ ಒಂದು ಹಾಳೆ, ಪ್ರತಿ ಸಾಲಿನ ಮುಂದೆ ಒಂದು ಚೌಕ, ಮಾಡಿದ್ದಕ್ಕೆ ಗುರುತು ಹಾಕಬೇಕು. ಹೆಸರು ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೋ ಇಲ್ಲವೋ, ತಪ್ಪು ಪಾಸ್‌ವರ್ಡಿಗೆ ಹೊರಗೆ ಹಾಕುತ್ತದೋ ಇಲ್ಲವೋ. ಕೇಳಿತು. ಹಾಕಿತು. ಕಪ್ಪು ಪರದೆಯ ಮೇಲೆ ಆ ಹಸಿರು ಗೆರೆ ಮಿಣುಕು ಮಿಣುಕು, ನೀ ಯಾರು, ನೀ ಯಾರು, ನೀ ಯಾರು ಎಂದು ಕೇಳಿದ ಹಾಗೆ, ಮೊದಲ ದಿನ ಅದನ್ನು ಕಂಡು ಅವಳಿಗೆ ನಗು ಬಂದಿತ್ತು.

ನಗು ಬಂದದ್ದು ಅದಕ್ಕಲ್ಲ, ಹುಟ್ಟಿದ ತಾರೀಕಿಗೆ. ಪಾಸ್‌ವರ್ಡ್ ಎಂದರೇನು ಎಂದು ಜಂಬಣ್ಣ ಸಾಹೇಬರು ಕೇಳಿದಾಗ ಅವಳೇ ಹೇಳಿದ್ದಳು, ಕೀಲಿಕೈ ಇದ್ದಂಗ್ರೀ ಸರ್, ಒಬ್ಬೊಬ್ಬರಿಗೆ ಒಂದೊಂದು. ಕೀಲಿಕೈ ಅಂದ್ರ ನೀನ ಇಟ್ಕೊ ತಂಗಿ, ನನ್ನ ಕಿಸೇದಾಗ ಯಾವ ಕೀಲಿಕೈ ಉಳದಾವು. ಉಳಿದವರೂ ಹಾಗೇ, ವೈರ್‌ಲೆಸ್ಸಿನ ಜಿಲಾನಿಸಾಬ್, ಇನ್ನಿಬ್ಬರು ಗುಮಾಸ್ತರು, ಎಲ್ಲರ ಕೀಲಿಕೈ ಅವಳ ಕೊರಳಿಗೆ. ಸದ್ಯಕ್ಕೆ ಎಲ್ಲರಿಗೂ ಅವರವರ ಹುಟ್ಟಿದ ತಾರೀಕು ಹಾಕೂನು, ಆಮೇಲೆ ಬದಲಿ ಮಾಡಿಕೊಳ್ಳಲಿ ಎಂದು ರಾಜೇಸಾಬ್ ಸರ್ವಿಸ್ ರಿಜಿಸ್ಟರ್ ತರಿಸಿ ನೋಡಿದರೆ ಐವರಲ್ಲಿ ನಾಲ್ವರದು ಜೂನ್ ಒಂದು. ಹೊಟ್ಟೆ ಹಿಡಿದುಕೊಂಡು ನಕ್ಕ. ಏನ್ರೀ ಇದು, ನಿಮ್ಮ ಆಫೀಸಿನವರೆಲ್ಲ ಒಂದ ದಿನ ಹುಟ್ಟೀರೇನು? ಮತ್ತೆ, ಯಾರ ಅವ್ವ ತಾರೀಕು ಬರೆದಿಟ್ಟಾಳೆ? ಜೋಳ ಕೊಯ್ಯೂದ್ರಾಗ ಹುಟ್ಟಿದಿ, ಅಲಾಯಿ ಕುಣಿ ತೆಗೆಯೋ ಹೊತ್ತಿಗೆ ಹುಟ್ಟಿದಿ, ಅಷ್ಟೇ ಗೊತ್ತು, ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ್ದಕ್ಕೆ ಬಸ್ಸಪ್ಪನ ಮಗಳು ಹುಸೇನಮ್ಮ ಆದಳು, ತಾರೀಕು ಯಾರಿಗೆ ಬೇಕಿತ್ತು. ಮುಕ್ಕುಂದದ ಶಾಲೆಗೆ ಅಪ್ಪ ಹೆಗಲ ಮೇಲೆ ಹೊತ್ತುಕೊಂಡು ಹೋದಾಗ ಹೆಡ್ ಮಾಸ್ತರರು ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸಿ, ಮುಟ್ಟಿತು, ಹಾಗಾದರೆ ಆರು ವರ್ಷ, ಬರಕೋ ಜೂನ್ ಒಂದು. ಜಂಬಣ್ಣ ಸಾಹೇಬರ ಕಿವಿಯನ್ನೂ ಯಾವುದೋ ಊರಿನ ಮಾಸ್ತರರು ಹಾಗೇ ಮುಟ್ಟಿಸಿರಬೇಕು. ಹಾಗಾಗಿಯೇ ಅದು ಆದದ್ದು, ಹಾಗಾಗಿಯೇ.

ಒಂಬತ್ತನೇ ಸಾಲು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಳಗೆ ಹೋಗಲು ಯತ್ನಿಸಿ ನೋಡಬೇಕು, ಹೋಗಲು ಆಗಬಾರದು. ಅವಳ ಹತ್ತಿರ ಬರೆದಿಟ್ಟ ಚೀಟಿ ಇತ್ತು, ಅದನ್ನು ನೋಡಬ್ಯಾಡ್ರಿ ಮೇಡಂ, ಕಳ್ಳ ಆಗ್ರಿ, ಕಳ್ಳನಂಗ ಯೋಚನಿ ಮಾಡ್ರಿ ಅಂದ ರಾಜೇಸಾಬ್. ಕಳ್ಳಿಯಾದಳು. ಜಂಬಣ್ಣ ಎಂದು ಹೆಸರು ಒತ್ತಿದಳು, ಸಾಹೇಬರು ಬರುವ ವರ್ಷ ಐವತ್ತೆಂಟು ತುಂಬಿ ರಿಟೈರ್ ಆಗುತ್ತಾರೆ, ಅದು ಸಿಂಧನೂರಿಗೆಲ್ಲ ಗೊತ್ತು, ತೊಂಬತ್ತೆಂಟರಲ್ಲಿ ಐವತ್ತೆಂಟು ಕಳೆದರೆ ನಲವತ್ತು, ಜೂನ್ ಒಂದು ನಲವತ್ತು, ಒತ್ತಿದಳು, ಮೊದಲನೇ ಸಲಕ್ಕೇ ಕದ ತೆಗೆಯಿತು. ಬರ್ರಿ ಸಾಹೇಬ್ರ ಎಂದ ಹಾಗೆ ಪರದೆಯ ಮೇಲೆ ಅವರ ಹೆಸರು. ರಾಜೇಸಾಬನ ಮುಖ ಸಣ್ಣದಾಯಿತು, ನೋಡ್ರಿ, ಕದ ಐತಿ, ಕೀಲಿ ಐತಿ, ಕೀಲಿಕೈ ಮಾತ್ರ ಊರಿಗೆಲ್ಲ ಒಂದ. ಒಳಗ ಹೊಕ್ಕದ್ದಕ್ಕ ಗುರುತಿಗೆ ಒಂದು ಹುಕುಂ ಬರೀರಿ, ಬರೆದು ಅಳಿಸಿಬಿಡ್ರಿ, ಹತ್ತನೇ ಸಾಲು ಅದ. ಏನಂತ ಬರೀಲಿ? ಏನರ ಬರೀರಿ, ಯಾವುದಾದರೂ ಗೇಟು. ಅವಳ ಬೆರಳು ಏಳು ಎಂದು ಒತ್ತಿತು. ಎಂಟು ಒತ್ತಬಹುದಿತ್ತು, ಇಪ್ಪತ್ತು ಒತ್ತಬಹುದಿತ್ತು, ಬೆಳಿಗ್ಗೆ ತಾನೇ ಅಪ್ಪ ಅವಳ ಬಾಡಿಗೆ ಕೋಣೆಗೆ ಬಂದು ಚಹಾ ಕುಡಿದು ಹೇಳಿಹೋಗಿದ್ದ, ಏಳನೇ ಗೇಟಿನ ಕೆಳಗ ಹೂಳು ತೆಗಿಯಾಕತ್ತೀವಿ, ಸೋಮವಾರ ರೋಡಿನ ಬುಡದ ಪೈಪಿಗೆ ನಾನ ಇಳೀಬೇಕು, ಮತ್ಯಾರು ಹಿಡಿಸ್ತಾರ ಅದರಾಗ. ಆ ಏಳು ತಲೆಯಲ್ಲಿ ಉಳಿದು ಬೆರಳಿಗೆ ಇಳಿಯಿತು. ಗೇಟು ಏಳು, ಸೋಮವಾರ, ಬೆಳಿಗ್ಗೆ ಎಂಟೂವರೆ, ಎರಡು ಅಡಿ ಎತ್ತಬೇಕು, ಕುಡಿಯುವ ನೀರಿಗೆ. ಎಷ್ಟು ಚೆಂದ ಬರೆದಳು, ನಿಜವಾದ ಹುಕುಂ ಹಾಗೇ.

ಆಮೇಲೆ? ಆಮೇಲೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎಂದು ಬಡಕೊಳ್ಳತೊಡಗಿತು, ಲಗೂ ಬಂದ್ ಮಾಡ್ರಿ ಮೇಡಂ ಸುಟ್ಟಹೋದೀತು, ರಾಜೇಸಾಬ್ ಚೀಲ ಹೆಗಲಿಗೆ ಹಾಕುತ್ತಿದ್ದ, ಅವಳು ಒತ್ತಿದಳು, ಏನನ್ನು ಒತ್ತಿದಳು, ಅಳಿಸುವ ಗುಂಡಿಯನ್ನೋ ಬಂದ್ ಮಾಡುವುದನ್ನೋ? ಅಳಿಸಿ ಬಂದ್ ಮಾಡಿದಳೋ, ಬರೇ ಬಂದ್ ಮಾಡಿದಳೋ? ಕುಂಯ್ ಕುಂಯ್. ಅದೇ ಹೊತ್ತಿಗೆ ಬಾಗಿಲಲ್ಲಿ ಲಿಂಗಸುಗೂರಿನ ಸುದ್ದಿ, ಅಕ್ಕ ಆದಮ್ಮನಿಗೆ ಬ್ಯಾನಿ ಬಂದಾವಂತ, ದವಾಖಾನಿಗೆ ಹಾಕ್ಯಾರಂತ, ಅವಳು ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದವಳು, ನಿನ್ನೆಯೆಲ್ಲ ಕೂಸು, ಬಿಸಿನೀರು, ಅಕ್ಕನ ನರಳಾಟ, ಹುಕುಂ ಒಂದು ಸಲವೂ ನೆನಪಾಗಲಿಲ್ಲ, ಎರಡು ದಿನದಲ್ಲಿ ಒಂದು ಸಲವೂ! ತಾಳು, ಹಾಳೆ ಇದೆ. ಚೀಲದಲ್ಲಿ ಹಾಳೆಯ ಕಾರ್ಬನ್ ಪ್ರತಿ ಇದೆ. ಕೈ ಹಾಕಿ ತಡಕಿದಳು, ಕೂಸಿನ ಕುಲಾವಿ, ಬಾಚಣಿಕೆ, ರೊಟ್ಟಿಯ ಗಂಟು, ಅದರ ಕೆಳಗೆ ಸಿಕ್ಕಿತು, ಒಂಬತ್ತನೇ ಸಾಲಿಗೆ ಗುರುತು, ಹತ್ತನೇ ಸಾಲಿಗೆ, ಬರೆದ ಹುಕುಂ ಅಳಿಸಲಾಗಿದೆ, ಗುರುತು, ಕೆಳಗೆ ಅವಳದೇ ಸಹಿ. ಉಸ್ಸಪ್ಪಾ. ಅಳಿಸಿದ್ದಾಳೆ. ಕಣ್ಣಲ್ಲಿ ನೀರು ಬಂತು, ಮುದುಕಿಯ ಕೊಡವನ್ನು ತಾನೇ ಹಿಡಿದು ನೆಟ್ಟಗೆ ನಿಲ್ಲಿಸಿದಳು, ಎಲ್ಲಿಗಜ್ಜಿ, ಎಂದೂ ಕೇಳಿದಳು, ಮುದುಕಿ ಏನೋ ಹೇಳಿದಳು. ಹೇಳುತ್ತಿದ್ದ ಹಾಗೇ ಕಣ್ಣು ಮತ್ತೆ ಹಾಳೆಯ ಮೇಲೆ ಹೋಯಿತು. ಹದಿಮೂರು ಗುರುತೂ ಒಂದೇ ಓರೆ, ಒಂದೇ ಏಟಿಗೆ ಎಳೆದವು. ಮೊದಲೇ ಹಾಕಿಬಿಡ್ರಿ ಮೇಡಂ, ಸಹಿ ಮಾಡಿಬಿಡ್ರಿ, ಹೆಂಗೂ ಮಾಡ್ತೀವಲ್ಲ, ನನಗ ಬಸ್ಸು ತಪ್ಪತೈತಿ. ಮೊದಲೇ ಹಾಕಿದ್ದಳು. ಕೆಲಸಕ್ಕೆ ಕೈ ಹಚ್ಚುವ ಮೊದಲೇ ಹದಿಮೂರೂ ಹಾಕಿ ಸಹಿ ಮಾಡಿ ಕೂತಿದ್ದಳು.

ಇಸ್ಮಾಯಿಲ್ ಮಾಮಾ ಗೇಟು ಎತ್ತುವುದಿಲ್ಲ. ಎತ್ತುವುದಿಲ್ಲ, ಅವನ ಗುಣ ಗೊತ್ತಿಲ್ಲವೇ, ಏಳನೇ ಗೇಟಿಗೆ ಮೂವತ್ತು ವರ್ಷದಿಂದ ಅವನೇ, ವೈರ್‌ಲೆಸ್ಸಿನಲ್ಲಿ ಹುಕುಂ ಬಂದರೆ ಅವನು ಚಕ್ರ ಮುಟ್ಟುವ ಮೊದಲು ಕೇಳುತ್ತಿದ್ದ, ಯಾವ ಜಂಬಣ್ಣ? ಸಾಹೇಬರು ನಗುತ್ತ ತಾವೇ ಮೈಕು ಹಿಡಿದು ಹೇಳುತ್ತಿದ್ದರು, ಪಾರ್ವತೆಮ್ಮನ ಮಗ ಜಂಬಣ್ಣ. ಹಾಂ, ಈಗ ಎತ್ತತೀನ್ರಿ. ತಾಯಿಯ ಹೆಸರು ಸಾಹೇಬರ ಬಾಯಿಂದಲೇ ಬರಬೇಕು, ಜಿಲಾನಿಸಾಬ್ ಹೇಳಿದರೆ ನಡೆಯದು, ಒಮ್ಮೆ ಸಾಹೇಬರಿಗೆ ನೆಗಡಿಯಾಗಿ ದನಿ ಒಡೆದಿದ್ದಾಗ ಅವರ ಸೋದರಮಾವನ ಹೆಸರನ್ನೂ ಹೇಳಿಸಿಯೇ ಬಿಟ್ಟಿದ್ದನಂತೆ, ಆಫೀಸಿನಲ್ಲಿ ವಾರ ಪೂರ್ತಿ ಅದೇ ಮಾತು. ಇಸ್ಮಾಯಿಲ್ ಮಾಮಾ ಕೇಳುತ್ತಾನೆ. ಸಾಹೇಬರು ಇವತ್ತು ಮೀಟಿಂಗಿಗೆ ರಾಯಚೂರಿಗೆ ಹೋಗಿದ್ದಾರೆ, ಹೇಳುವವರಿಲ್ಲ, ಅವನು ಬೀಡಿ ಹಚ್ಚಿಕೊಂಡು ಗೇಟಿನ ಕಟ್ಟೆಯ ಮೇಲೆ ಕೂರುತ್ತಾನೆ, ಕೂರಬೇಕು. ಕೂರುವುದಿಲ್ಲ. ಹೋದ ಸೋಮವಾರದಿಂದ ಹೊಸ ಕಾನೂನು, ಕಂಪ್ಯೂಟರಿನ ಹಾಳಿ ಇದ್ದರೆ ಸಾಕು, ಯಾರೂ ಏನೂ ಕೇಳುವಂತಿಲ್ಲ, ಕೇಳಿದವರ ಮೇಲೆ ಕ್ರಮ. ಆ ಸುತ್ತೋಲೆ ಟೈಪು ಮಾಡಿದವಳು ಯಾರು? ಅವಳೇ. ಮಾಮಾ ಆಫೀಸಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದ್ದ, ಹುಸೇನವ್ವಾ, ಹಾಳಿ ಸುಳ್ಳ ಹೇಳಿದ್ರ? ಮಾಮಾ, ಒಳಗ ಹೋಗೋದಕ್ಕ ಪಾಸ್‌ವರ್ಡ್ ಐತಿ, ಮಂದಿ ಸುಳ್ಳ ಹೇಳಬಹುದು, ಮಿಶಿನ್ ಹೇಳಂಗಿಲ್ಲ. ಅವಳೇ ಹೇಳಿದ್ದು, ದೊಡ್ಡ ಮಾತು, ನಗುನಗುತ್ತ ಹೇಳಿದ್ದು. ಆಗಲವ್ವ, ನೀ ಹೇಳಿದ ಮ್ಯಾಲ ಮುಗೀತು ಎಂದು ತಲೆಯ ಮೇಲೆ ಕೈ ಇಟ್ಟು ಹೋಗಿದ್ದ.

ಮಸ್ಕಿ, ಹತ್ತು ನಿಮಿಷ ನಿಲ್ಲತೈತಿ, ಚಹಾ ಕುಡಿಯೋರು ಕುಡೀರಿ. ಮಂದಿಯನ್ನು ಸರಿಸಿಕೊಂಡು ಇಳಿದಳು, ಎಂಟು ಇಪ್ಪತ್ತು, ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು, ಒಳಗೆ ಒಬ್ಬಾತ ಬೀಗರ ಜೊತೆ ಮೆಣಸಿನಕಾಯಿಯ ಮಾತಾಡುತ್ತಿದ್ದಾನೆ, ಅಣ್ಣಾ ಲಗೂ ಬಿಡೋ, ಜೀವದ ಮಾತೈತಿ, ಅವನು ಅವಳ ಮುಖ ನೋಡಿ ರಿಸೀವರ್ ಕೈಗೇ ಕೊಟ್ಟುಬಿಟ್ಟ. ಆಫೀಸಿನ ನಂಬರು ಒತ್ತಿದಳು, ಗಂಟೆ ಹೊಡೆಯುತ್ತಿದೆ, ಹೊಡೆಯುತ್ತಿದೆ, ಯಾರ್ರೀ? ಕಸ ಹೊಡೆಯುವ ಮಾಬುಬೀ. ಚಿಕ್ಕವ್ವಾ ನಾನು ಹುಸೇನಮ್ಮ, ಜಿಲಾನಿಸಾಬ್ ಬಂದಾನೇನು? ಬಂದಾನವ್ವ, ಎಂಟಕ್ಕ ಬಂದು ಆ ಡಬ್ಬಿ ಚಾಲೂ ಮಾಡಿದ, ಕರ್ರ್ ಕರ್ರ್ ಅಂತ ಹಾಳಿ ಬಂತು, ಹರಕೊಂಡು ವೈರ್‌ಲೆಸ್‌ನ್ಯಾಗ ಓದಿದ. ಏನ ಓದಿದ, ಚಿಕ್ಕವ್ವಾ, ಏನಂತ ಓದಿದ? ನನಗೇನ ತಿಳೀತೈತಿ ತಾಯಿ, ಎಂಟೂವರಿ ಎಂಟೂವರಿ ಅಂದ. ಅವನ್ನ ಕರಿ, ಓಡು, ಗೇಟ ಎತ್ತಬ್ಯಾಡ ಅಂತ ಹೇಳು, ಏಳನೇ ಗೇಟು, ಹುಸೇನಮ್ಮ ಹೇಳ್ಯಾಳ ಅನ್ನು. ಚಹಾಕ್ಕ ಹೋಗ್ಯಾನವ್ವ ಮೂಲಿ ಹೊಟೇಲಿಗೆ, ಕರಕೊಂಡ ಬರ್ತೀನಿ ತಡಿ. ರಿಸೀವರನ್ನು ಮೇಜಿನ ಮೇಲಿಟ್ಟ ಸಪ್ಪಳ, ಆಕೆಯ ಚಪ್ಪಲಿಯ ಚಟ್ ಚಟ್ ದೂರ ಹೋದದ್ದು, ಆಮೇಲೆ ಬರೇ ಜೊಂಯ್ ಎನ್ನುವ ಗಾಳಿ, ತಲೆಯ ಮೇಲೆ ಬಿಲ್ಲಿನ ಕೆಂಪು ಅಂಕಿಗಳು ಒಂದೊಂದೇ ಉರುಳುತ್ತಿವೆ, ಗಡಿಯಾರದಲ್ಲಿ ಎಂಟು ಇಪ್ಪತ್ತೈದು, ಮಾಬುಬೀಗೆ ಮೊಣಕಾಲು ನೋವು, ಮೂಲೆಯ ಹೊಟೇಲಿಗೆ ಹೋಗಿಬರಲು ಎಷ್ಟು ಹೊತ್ತು, ಎಂಟು ಇಪ್ಪತ್ತೆಂಟು, ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಏ ಯವ್ವಾ ಬರ್ತೀಯೋ ಇಲ್ಲೇ ಇರ್ತೀಯೋ. ಇದ್ದರೆ ಮುಂದಿನ ಬಸ್ಸು ಹತ್ತಕ್ಕೆ. ರಿಸೀವರನ್ನು ಬೂತಿನವನ ಕೈಗೆ ತುರುಕಿದಳು, ಯಾರರ ಬಂದ್ರ ಏಳನೇ ಗೇಟು ಮುಚ್ಚು ಅನ್ನಣ್ಣ, ನಿನ್ನ ಕಾಲ ಬೀಳ್ತೀನಿ, ಓಡುವ ಬಸ್ಸನ್ನು ಹತ್ತಿದಳು.

ರೈಟ್ ರೈಟ್. ಹೊಲ, ಹೊಲ, ಜಾಲಿಯ ಗಿಡ, ಎಂಟೂವರೆ ಆಯಿತು, ಈಗ ಮಾಮಾ ಚಕ್ರಕ್ಕೆ ಕೈ ಹಚ್ಚಿರುತ್ತಾನೆ, ಬಿಸ್ಮಿಲ್ಲಾ ಅನ್ನದೆ ತಿರುಗಿಸುವವನಲ್ಲ, ಗೇಟಿನಿಂದ ಈ ರಸ್ತೆಯ ಕೆಳಗಿನ ಪೈಪಿಗೆ ಒಂದೂವರೆ ಮೈಲು, ಒಣಗಿದ ಕಾಲುವೆ ಮೊದಲು ತಾನು ಕುಡಿಯುತ್ತದೆ, ಹೂಳು ಕುಡಿಯುತ್ತದೆ, ಬಿರುಕು ಕುಡಿಯುತ್ತವೆ, ಮನುಷ್ಯ ನಡೆದ ಹಾಗೆ ಬರುತ್ತದೆ ನೀರು, ಮುಕ್ಕಾಲು ಗಂಟೆ, ಒಂಬತ್ತೂಕಾಲು, ಬಸ್ಸು ಅಲ್ಲಿಗೆ ಒಂಬತ್ತು ಹತ್ತಕ್ಕೆ ಮುಟ್ಟಬಹುದು, ಮುಟ್ಟಲಿ, ಶಿವನೇ, ಹಸನ್ ಹುಸೇನರೇ, ಯಾರ ಹೆಸರು ಕೊಟ್ಟರೆ ಕದ ತೆಗೆಯುತ್ತೀರಿ. ಅಪ್ಪ ಅಂದರೆ ಅವಳಿಗೆ ಮೊದಲು ನೆನಪಾಗುವುದು ಮುಖವಲ್ಲ, ಎರಡು ಅಂಗಾಲು. ಶಾಲೆ ಬಿಟ್ಟು ಬುತ್ತಿ ಹೊತ್ತುಕೊಂಡು ಹೋದಾಗ ಅಪ್ಪ ಯಾವಾಗಲೂ ಪೈಪಿನ ಒಳಗೆ, ಕಡ್ಡಿಯಂಥ ಮೈ, ಗ್ಯಾಂಗಿನಲ್ಲಿ ಅವನೊಬ್ಬನೇ ಹಿಡಿಸುತ್ತಿದ್ದುದು, ಹೊಟ್ಟೆಯ ಮೇಲೆ ತೆವಳಿ ಕೈಯಿಂದ ಕೆಸರು ಬಗೆದು ಹಿಂದಕ್ಕೆ ದೂಡುತ್ತಿದ್ದ, ಹೊರಗೆ ಕಾಣುವುದು ಎರಡು ಅಂಗಾಲು ಮಾತ್ರ, ಒಡೆದ ಹಿಮ್ಮಡಿ, ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ, ಹಾರೆ ಬಿದ್ದು ಕಿತ್ತುಹೋಗಿತ್ತು. ಅಪ್ಪಾ ಬುತ್ತಿ. ಒಳಗಿಂದ ಗುಂಯ್ಯೆಂದು ದನಿ, ಯಾರು? ನಾನು ಹುಸೇನವ್ವ. ಯಾವ ಹುಸೇನವ್ವ? ಬಸ್ಸಪ್ಪನ ಮಗಳು ಹುಸೇನವ್ವ. ಆಗ ಆ ಉಗುರಿಲ್ಲದ ಹೆಬ್ಬೆರಳು ಎರಡು ಸಲ ಅಲ್ಲಾಡುತ್ತಿತ್ತು, ಕೇಳಿಸಿತು, ಬರ್ತೀನಿ ಅಂತ. ಅವಳಿಗೆ ಎಲ್ಲಿಲ್ಲದ ನಗು. ಮದುವೆಯ ವಯಸ್ಸು ದಾಟಿದ ಮೇಲೂ, ಗೌರ್ಮೆಂಟ್ ನೌಕರಿ ಹತ್ತಿದ ಮೇಲೂ, ಕಾಲುವೆ ನೋಡಲು ಸಾಹೇಬರ ಜೀಪಿನಲ್ಲಿ ಹೋದ ದಿನವೂ ಅಪ್ಪ ಬಿಟ್ಟಿರಲಿಲ್ಲ ಆ ಆಟ, ಸಾಹೇಬರ ಎದುರಿಗೇ ಬೆರಳು ಅಲ್ಲಾಡಿಸಿದ್ದ, ಅವಳಿಗೆ ನಾಚಿಕೆಯಾಗಿ ಸಿಟ್ಟೇ ಬಂದಿತ್ತು.

ಹೋಲ್ಡಾನ್, ಹೋಲ್ಡಾನ್ ಮಾಡ್ರಿ! ಇಲ್ಲಿ ಸ್ಟಾಪ್ ಇಲ್ಲವ್ವ. ಅಣ್ಣಾ ನಮ್ಮಪ್ಪ ಪೈಪಿನ್ಯಾಗ ಅದಾನ, ನೀರ ಬಿಟ್ಟಾರ! ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹಾರಿದಳು, ಚಪ್ಪಲಿ ಒಂದು ಅಲ್ಲೇ ಉಳಿಯಿತು, ರಸ್ತೆಯ ಅಂಚಿನಿಂದ ಏರಿಯ ಕೆಳಗೆ, ಬುಟ್ಟಿ ಹಿಡಿದ ಆರು ಜನ, ಕಾಲುವೆ ಒಣಗಿದೆ, ಒಣಗಿದೆ! ಬಿಸಿಲಿಗೆ ಬಿರಿದ ಹೂಳು, ಎಲ್ಲಿಯೂ ಹನಿ ಇಲ್ಲ, ಪೈಪಿನ ಬಾಯಲ್ಲಿ ಎರಡು ಅಂಗಾಲು, ಒಡೆದ ಹಿಮ್ಮಡಿ, ಉಗುರಿಲ್ಲದ ಹೆಬ್ಬೆರಳು. ಅಪ್ಪಾ, ಹೊರಗ ಬಾ, ಅಪ್ಪಾ! ಗುಂಯ್ಯೆಂದು ದನಿ, ಯಾರು? ನಾನು, ಹುಸೇನವ್ವ, ಲಗೂ ಬಾ. ಯಾವ ಹುಸೇನವ್ವ? ಬುಟ್ಟಿಯವರು ನಗುತ್ತಿದ್ದಾರೆ, ಮಗಳು ಬುತ್ತಿ ತಂದಾಳ ನೋಡಪಾ ಬಸ್ಸಪ್ಪ. ಆಟ ಅಲ್ಲಪ್ಪಾ, ನೀರು, ನೀರು ಬಿಟ್ಟಾರ, ನಾನ ಬಿಡಿಸೀನಿ. ಹೆಬ್ಬೆರಳು ಅಲ್ಲಾಡಿತು, ಒಂದು ಸಲ, ಎರಡು ಸಲ, ಕೇಳಿಸಿತು, ಬರ್ತೀನಿ. ಬರುತ್ತಿಲ್ಲ, ಬೇಕೆಂದೇ ತಡ ಮಾಡುತ್ತಿದ್ದಾನೆ, ಅವಳನ್ನು ಕಾಡಲು, ರಸ್ತೆಯ ಆ ಕಡೆಯಿಂದ ಸರಸರ ಸಪ್ಪಳ, ಒಣಹುಲ್ಲಿನ ಮೇಲೆ ಯಾರೋ ನಡೆದ ಹಾಗೆ, ಎರಡು ಹಿಮ್ಮಡಿಗಳ ನಡುವಿನಿಂದ ಒಂದು ಹುಲ್ಲುಕಡ್ಡಿ ಹೊರಗೆ ಬಂತು, ಅದರ ಹಿಂದೆ ಬೆರಳಗಲದ ನೀರು. ಹಿಡೀರಿ, ಎಳೀರಿ! ನಗು ನಿಂತಿತು, ಬುಟ್ಟಿಗಳು ಬಿದ್ದವು, ಅವಳು ಮೊದಲು ಹಿಡಿದದ್ದು ಎಡಗಾಲು, ಕೆಸರಿಗೆ ಜಾರುತ್ತಿದೆ, ನೀರು ಮುಂಗೈಗೆ ಬಂತು, ಮೊಣಕೈಗೆ ಬಂತು, ಒಳಗಿಂದ ಬಂದ ದನಿಗೆ ಮಾತಿರಲಿಲ್ಲ, ಎಳೀರಿ, ಮೊಳಕಾಲು ಬಂತು, ಹೆಬ್ಬೆರಳು ಅವಳ ಮುಷ್ಟಿಯಲ್ಲಿದೆ, ಅಪ್ಪಾ ನಾನು, ಬಸ್ಸಪ್ಪನ ಮಗಳು ಹುಸೇನವ್ವ, ಅಲ್ಲಾಡಿಸು, ಹೆಬ್ಬೆರಳು ಮುಷ್ಟಿಯಲ್ಲಿದೆ, ಉಗುರಿಲ್ಲದ ಹೆಬ್ಬೆರಳು, ನಾನು ಹುಸೇನವ್ವ, ಹೆಬ್ಬೆರಳು ಅಲ್ಲಾಡಿಸಪ್ಪಾ, ಹೆಬ್ಬೆರಳು,